ಶುಕ್ರವಾರದ ಬಿಲ್ಲುಗಾರರು

ನಮ್ಮ ಮನೆಯಲ್ಲಿ ಟಿ.ವಿ. ರಿಮೋಟು ನನ್ನ ಕೈಗೆ ಬರುವುದು ವಾರಕ್ಕೊಂದೇ ಸಲ, ಶುಕ್ರವಾರ ಮಧ್ಯಾಹ್ನ. ಮೂರು ಗಂಟೆಗೆ ನನ್ನಾಕೆ ಹಿಂದಿನ ಬೀದಿಯ ಲಲಿತಾ ಸಹಸ್ರನಾಮದ ಬಳಗಕ್ಕೆ ಹೊರಡುತ್ತಾಳೆ. ಹೊರಡುವಾಗ ರಿಮೋಟನ್ನು ಫ್ರಿಜ್ಜಿನ ಮೇಲಿಟ್ಟು ಹೋಗುತ್ತಾಳೆ. ಅದು ನನಗೆ ಸಿಗಲೆಂದೋ ಸಿಗದಿರಲೆಂದೋ ಇವತ್ತಿಗೂ ಇತ್ಯರ್ಥವಾಗಿಲ್ಲ. ಪಾರ್ಲಿಮೆಂಟಿನ ಅಧಿವೇಶನ ನಡೆಯುವ ದಿನಗಳಾದರೆ ನಾನು ಸಂಸದ್ ಟಿ.ವಿ. ಹಾಕಿಕೊಂಡು ಕೂರುತ್ತೇನೆ. ಅಮ್ಮ ಗೋಡೆಗೊರಗಿ ಹೂಬತ್ತಿ ಹೊಸೆಯುತ್ತಾ ನನ್ನ ಜೊತೆ ಪ್ರಜಾಪ್ರಭುತ್ವ ನೋಡುತ್ತಾಳೆ.

ಶುಕ್ರವಾರ ಮೂರೂವರೆಯ ಲೋಕಸಭೆಯನ್ನು ಬೇಕೆಂದೇ ನೋಡುವವರು ದೇಶದಲ್ಲಿ ನಾವಿಬ್ಬರೇ ಇರಬೇಕು ಎಂದು ನನಗೆ ಅನುಮಾನ. ಆ ಹೊತ್ತಿಗೆ ಅಲ್ಲಿ ಖಾಸಗಿ ಸದಸ್ಯರ ಮಸೂದೆಗಳು ಬರುತ್ತವೆ. ಈ ಹೆಸರು ಮೊದಲ ಸಲ ಕಿವಿಗೆ ಬಿದ್ದಾಗ ನನ್ನ ಭಾಮೈದ ಸೋಫಾದಿಂದ ಎದ್ದೇಬಿಟ್ಟಿದ್ದ. ಅವನು ಬ್ಯಾಂಕಿನಲ್ಲಿದ್ದು ರಿಟೈರಾದವನು, ಖಾಸಗಿ ಎಂಬ ಶಬ್ದ ಕೇಳಿದರೆ ಯೂನಿಯನ್ ಸೆಕ್ರೆಟರಿಗೆ ಫೋನ್ ಮಾಡುವ ಅಭ್ಯಾಸ ಇನ್ನೂ ಹೋಗಿಲ್ಲ. "ಏನು ಭಾವ, ಪಾರ್ಲಿಮೆಂಟನ್ನೂ ಪ್ರೈವೇಟ್‌ನೋರಿಗೆ ಕೊಟ್ಬಿಟ್ರಾ?"

ಹಾಗಲ್ಲ ಮಾರಾಯ, ಎಂದು ಕೂರಿಸಿ ಹೇಳಬೇಕಾಯಿತು. ಮಂತ್ರಿಯಲ್ಲದ ಪ್ರತಿಯೊಬ್ಬ ಸಂಸದನೂ ಅಲ್ಲಿ ಖಾಸಗಿ ಸದಸ್ಯ. ಆಳುವ ಪಕ್ಷದವನೇ ಆಗಿರಲಿ, ಎಂಟು ಸಲ ಗೆದ್ದವನೇ ಆಗಿರಲಿ, ಮಂತ್ರಿಗಿರಿ ಇಲ್ಲದಿದ್ದರೆ ಖಾಸಗಿಯೇ. ಮಂತ್ರಿ ತಂದದ್ದು ಸರ್ಕಾರಿ ಮಸೂದೆ, ಉಳಿದವರು ತಂದದ್ದು ಖಾಸಗಿ ಮಸೂದೆ. ಬಸ್ಸಿನ ಹಾಗೇ ಅನ್ನಿ ಎಂದ ಭಾಮೈದ. ಬಸ್ಸಿನ ಹಾಗೇ, ಆದರೆ ತಿರುಗುಮುರುಗು. ಮಂಗಳೂರು–ಉಡುಪಿ ದಾರಿಯಲ್ಲಿ ಖಾಸಗಿ ಬಸ್ಸು ಜೀವ ಕೈಯಲ್ಲಿ ಹಿಡಿಸಿಕೊಂಡು ಮುಂದೆ ನುಗ್ಗುತ್ತದೆ. ದೆಹಲಿಯಲ್ಲಿ ಸರ್ಕಾರಿಯದು ನುಗ್ಗುತ್ತದೆ. ಖಾಸಗಿಯದು ನಿಲ್ದಾಣದಲ್ಲೇ ನಿಂತು, ಈಗ ಬಿಟ್ಟೆ ಆಗ ಬಿಟ್ಟೆ ಎಂದು ಐದು ವರ್ಷ ಹಾರನ್ ಹೊಡೆದು, ಸದನ ವಿಸರ್ಜನೆಯಾದಾಗ ಗುಜರಿಗೆ ಹೋಗುತ್ತದೆ.

ಗುಜರಿ ಎಂದದ್ದು ಹಾಸ್ಯಕ್ಕಲ್ಲ. ಲೋಕಸಭೆ ವಿಸರ್ಜನೆಯಾದರೆ ಅದರ ಮುಂದೆ ಬಾಕಿ ಇರುವ ಮಸೂದೆಗಳೆಲ್ಲ ರದ್ದಾಗಬೇಕೆಂದು ಸಂವಿಧಾನದಲ್ಲೇ ಇದೆ. 2019ರಿಂದ 2024ರವರೆಗಿನ 17ನೇ ಲೋಕಸಭೆಯಲ್ಲಿ ಏಳುನೂರಕ್ಕೂ ಮಿಕ್ಕಿ ಖಾಸಗಿ ಮಸೂದೆಗಳು ಮಂಡನೆಯಾದವು. ಚರ್ಚೆಗೆ ಬಂದದ್ದು ಎರಡು. ಎರಡು ನೂರಲ್ಲ, ಎರಡು.

ಅವಕ್ಕೆ ಕೊಟ್ಟಿರುವ ಹೊತ್ತನ್ನಾದರೂ ನೋಡಿ. ವಾರದ ಕೊನೆಯ ದಿನದ ಕೊನೆಯ ಎರಡೂವರೆ ಗಂಟೆ. ಅದರಲ್ಲೂ ಒಂದು ವಾರ ಮಸೂದೆ, ಇನ್ನೊಂದು ವಾರ ನಿರ್ಣಯ. ರಾಜ್ಯಸಭೆಯಲ್ಲೂ ಎರಡೂವರೆಯಿಂದ ಐದರವರೆಗೆ, ಅಂದರೆ ಊಟದ ಮೇಲಿನ ಆಕಳಿಕೆಯ ಹೊತ್ತು. ನಮ್ಮ ಹೈಸ್ಕೂಲಿನಲ್ಲಿ ಶನಿವಾರದ ಕೊನೆಯ ಪೀರಿಯಡ್ಡಿಗೆ ನೀತಿಪಾಠ ಹಾಕುತ್ತಿದ್ದರು, ಅದೇ ಲೆಕ್ಕ. ಮೇಷ್ಟ್ರಿಗೂ ಬಸ್ಸು ಹಿಡಿಯುವ ಆತುರ, ನಮಗೂ. ಇಲ್ಲಿ ಬಸ್ಸಿನ ಬದಲು ವಿಮಾನ. ಶನಿವಾರ ಕ್ಷೇತ್ರದಲ್ಲಿ ಒಂದು ಮದುವೆ, ಒಂದು ತಿಥಿ, ಎರಡು ಶಂಕುಸ್ಥಾಪನೆ ಇರುವ ಸಂಸದ ಮೂರು ಗಂಟೆಗೇ ಗಡಿಯಾರ ನೋಡಲು ಶುರುಮಾಡಿರುತ್ತಾನೆ. ಸದನ ನಡೆಯಬೇಕಾದರೆ ಹತ್ತರಲ್ಲೊಂದು ಪಾಲು ಸದಸ್ಯರು, ಲೋಕಸಭೆಯಲ್ಲಾದರೆ 55 ಮಂದಿ, ಕೂತಿರಬೇಕು. ಐವತ್ತೈದು! ನಮ್ಮ ಬೀದಿಯಲ್ಲಿ ಸತ್ಯನಾರಾಯಣ ಪೂಜೆ ಇಟ್ಟುಕೊಂಡರೆ ಪ್ರಸಾದದ ಹೊತ್ತಿಗೆ ಅಷ್ಟು ಜನ ಚಪ್ಪಲಿ ಬಿಟ್ಟಿರುತ್ತಾರೆ. ಕೋರಂ ಇಲ್ಲವೆಂದು ಯಾರಾದರೂ ಎದ್ದು ಹೇಳಿದರೆ ಗಂಟೆ ಬಾರಿಸಿ ಜನರನ್ನು ಕರೆಯಬೇಕು. ಆ ಸದ್ದಿಗೆ ಅಮ್ಮ ಬತ್ತಿ ಹೊಸೆಯುವುದನ್ನು ನಿಲ್ಲಿಸಿ, "ಮಂಗಳಾರತಿ ಆಯ್ತೇನೋ?" ಎನ್ನುತ್ತಾಳೆ.

ಮಂಡನೆಯ ಶಾಸ್ತ್ರ ಅರ್ಧ ನಿಮಿಷದ್ದು. ತಿಂಗಳು ಮೊದಲೇ ನೋಟಿಸು ಕೊಟ್ಟಿರುತ್ತಾರೆ. ಪೀಠದಿಂದ ಹೆಸರು ಕೂಗುತ್ತಾರೆ. ಸದಸ್ಯ ಎದ್ದು ಮಸೂದೆ ಮಂಡಿಸಲು ಅನುಮತಿ ಬೇಡುತ್ತಾನೆ. ಪರವಾಗಿರುವವರು ಹೌದು ಎನ್ನಿ ಎಂದು ಪೀಠ ಕೇಳುತ್ತದೆ. ನಾಲ್ಕೈದು ಗಂಟಲು ಹೌದು ಎನ್ನುತ್ತವೆ. ಅನುಮತಿ ಸಿಕ್ಕಿತು. ಮಂಡಿಸಿದ್ದೇನೆ ಎಂದು ಸದಸ್ಯ ಕೂರುತ್ತಾನೆ. ಮುಂದಿನ ಹೆಸರು. ಸಾಮೂಹಿಕ ವಿವಾಹದಲ್ಲಿ ಮೈಕಿನಲ್ಲಿ ಜೋಡಿಗಳ ಹೆಸರು ಓದಿ ಮಾಂಗಲ್ಯ ಕಟ್ಟಿಸಿದ ಹಾಗೆ ಒಂದು ಗಂಟೆಯೊಳಗೆ ಹತ್ತಾರು ಮಸೂದೆಗಳು ಸಾಲಾಗಿ ಹುಟ್ಟುತ್ತವೆ. ಯಾರ ಮಸೂದೆ ಮೊದಲು ಚರ್ಚೆಗೆ ಬರಬೇಕು ಎಂಬುದಕ್ಕೆ ಚೀಟಿ ಎತ್ತುತ್ತಾರೆ. ಅದೃಷ್ಟ ಖುಲಾಯಿಸಿ ಚರ್ಚೆ ನಡೆದರೆ ಕೊನೆಯಲ್ಲಿ ಮಂತ್ರಿಗಳು ಎದ್ದು, ಮಾನ್ಯ ಸದಸ್ಯರ ಕಳಕಳಿ ಮೆಚ್ಚತಕ್ಕದ್ದು, ಸರ್ಕಾರ ಇದನ್ನೆಲ್ಲ ಗಮನಿಸುತ್ತಲೇ ಇದೆ, ಆದ್ದರಿಂದ ದಯವಿಟ್ಟು ಮಸೂದೆ ಹಿಂದಕ್ಕೆ ಪಡೆಯಿರಿ ಎಂದು ಕೋರುತ್ತಾರೆ. ಸದಸ್ಯ ಹಿಂದಕ್ಕೆ ಪಡೆಯುತ್ತಾನೆ. ಅದಕ್ಕೂ ಸದನದ ಅನುಮತಿ ಬೇಕು. ಈ ಅನುಮತಿ ಮಾತ್ರ ತಡವಿಲ್ಲದೆ ಸಿಗುತ್ತದೆ.

"ಪಾಸಾಯ್ತಾ?" ಎಂದು ಅಮ್ಮ ಪ್ರತಿ ಸಲ ಕೇಳುತ್ತಾಳೆ.

"ಇಲ್ಲಮ್ಮ."

"ಫೇಲಾ?"

"ಫೇಲೂ ಇಲ್ಲ. ಅವರೇ ವಾಪಸ್ ತಗೊಂಡ್ರು."

"ಹಾಗಾದ್ರೆ ಹಾಲ್ ಟಿಕೆಟ್ ತಗೊಂಡು ಪರೀಕ್ಷೆಗೆ ಕೂರಲೇ ಇಲ್ಲ ಅನ್ನು. ನಿಮ್ಮ ಸೋದರಮಾವ ಹೀಗೇ ಮೂರು ಸಲ ಮಾಡಿದ."

ಪಾಸಾದದ್ದು ಇಲ್ಲವೇ ಇಲ್ಲವೆಂದಲ್ಲ. ಸ್ವಾತಂತ್ರ್ಯ ಬಂದಾಗಿನಿಂದ ಕಾನೂನಾದ ಖಾಸಗಿ ಮಸೂದೆಗಳು 14. ಮೊದಲನೆಯದು ಸೈಯದ್ ಮೊಹಮ್ಮದ್ ಅಹ್ಮದ್ ಕಾಜ್ಮಿಯವರು 1952ರಲ್ಲಿ ತಂದ ವಕ್ಫ್ ಮಸೂದೆ, 1954ರಲ್ಲಿ ಕಾನೂನಾಯಿತು. ಕೊನೆಯದಕ್ಕೆ ಅಂಕಿತ ಬಿದ್ದದ್ದು 1970ರ ಆಗಸ್ಟ್ 9. ಅಂಕಿತ ಹಾಕಿದವರು ವಿ.ವಿ. ಗಿರಿ, ರಾಷ್ಟ್ರಪತಿಯಾಗುವ ಮೊದಲು ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರು. ಆಗ ನಾನು ಎರಡನೇ ಕ್ಲಾಸು. ಈಗ ನನಗೆ ಬಿ.ಪಿ. ಮಾತ್ರೆ ಎರಡು ಹೊತ್ತು. ನಡುವೆ ಒಂದೂ ಇಲ್ಲ.

ಆ ಕೊನೆಯ ಮಸೂದೆ ತಂದವರು ಆನಂದ ನಾರಾಯಣ ಮುಲ್ಲಾ. ಅಲಹಾಬಾದ್ ಹೈಕೋರ್ಟಿನ ನ್ಯಾಯಾಧೀಶರಾಗಿದ್ದು, ಆಮೇಲೆ ಲಖನೌದಿಂದ ಪಕ್ಷೇತರರಾಗಿ ಗೆದ್ದು ಬಂದವರು. ಕೆಳಗಿನ ಕೋರ್ಟು ಬಿಡುಗಡೆ ಮಾಡಿದವನನ್ನು ಹೈಕೋರ್ಟು ತಪ್ಪಿತಸ್ಥನೆಂದು ಜೀವಾವಧಿಗೋ ಹತ್ತು ವರ್ಷಕ್ಕೋ ಒಳಗೆ ಹಾಕಿದರೆ, ಅವನಿಗೆ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹಾಕುವ ಹಕ್ಕು ಬೇಕು ಎಂಬುದು ಅವರ ಮಸೂದೆ. ಇವರು ಉರ್ದು ಕವಿಯೂ ಹೌದು, ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದವರು. ಅಂದರೆ ಪಾರ್ಲಿಮೆಂಟಿನಲ್ಲಿ ಸ್ವಂತ ಮಸೂದೆಯನ್ನು ದಡ ಮುಟ್ಟಿಸಿದ ಕಡೆಯ ಮನುಷ್ಯ ಒಬ್ಬ ಕವಿ. ಕವನ ಸಂಕಲನಕ್ಕೆ ಪ್ರಕಾಶಕರನ್ನು ಹುಡುಕಿ ಪಳಗಿದವರಿಗೆ ಸಂಸತ್ತು ಯಾವ ಮಹಾ ಎಂದು ನನ್ನ ಲೆಕ್ಕಾಚಾರ.

ಆ ಹದಿನಾಲ್ಕರ ಪಟ್ಟಿ ಒಂದು ಸಲ ಓದಬೇಕು, ಬಲು ರುಚಿಯಾಗಿದೆ. ಹೆಂಗಸರ, ಮಕ್ಕಳ ಆಶ್ರಯ ಸಂಸ್ಥೆಗಳಿಗೆ ಲೈಸೆನ್ಸು ಬೇಕೆಂದವರು ಟೆಹ್ರಿ ಗಢವಾಲದ ರಾಜಮಾತೆ ಕಮಲೇಂದುಮತಿ ಶಾ. ಅನಾಥಾಲಯಗಳ ಮೇಲೆ ನಿಗಾ ಇರಲಿ ಎಂಬುದು ಇನ್ನೊಂದು. ಪುರಾತನ ಸ್ಮಾರಕಗಳದ್ದು ಒಂದು, ಹಡಗು ವಿಮೆಯದ್ದು ಒಂದು, ಹಿಂದೂ ವಿವಾಹದ ತಿದ್ದುಪಡಿ ಎರಡು. ಇವುಗಳ ನಡುವೆ ಸಂಕೋಚವಿಲ್ಲದೆ ಕಾಲು ಚಾಚಿ ಕೂತಿದೆ 1964ರ ಒಂದು ಮಸೂದೆ: ಸಂಸದರ ಸಂಬಳ ಮತ್ತು ಭತ್ಯೆಯ ತಿದ್ದುಪಡಿ. ಅದು ಮಂಡನೆಯಾದದ್ದೂ 1964ರಲ್ಲೇ, ಕಾನೂನಾದದ್ದೂ ಅದೇ ವರ್ಷ. ಹಡಗು ವಿಮೆ 1959ರಲ್ಲಿ ಹೊರಟು ದಡ ಸೇರಿದ್ದು 1963ಕ್ಕೆ. ಹಡಗು ನಿಧಾನ, ಸಂಬಳ ಬೇಗ. ಇದನ್ನು ಕೇಳಿದ ಭಾಮೈದ, "ನಮ್ಮ ವೇಜ್ ರಿವಿಜನ್ನಿಗೆ ಇವರನ್ನೇ ಕಳಿಸಬೇಕಿತ್ತು ಭಾವ" ಎಂದು ನಿಟ್ಟುಸಿರು ಬಿಟ್ಟ.

ಪಟ್ಟಿಯಲ್ಲಿ ನನಗೆ ಬಲು ಇಷ್ಟವಾದದ್ದು ಫಿರೋಜ್ ಗಾಂಧಿಯವರದ್ದು. ಸದನದೊಳಗೆ ಸಂಸದ ಏನೇ ಹೇಳಿದರೂ ಅವನ ಮೇಲೆ ಕೇಸು ಹಾಕುವಂತಿಲ್ಲ. ಆದರೆ ಅವನು ಹೇಳಿದ್ದನ್ನು ಹಾಗೇ ಅಚ್ಚು ಹಾಕಿದ ಪತ್ರಿಕೆಯವನ ಮೇಲೆ ಹಾಕಬಹುದಿತ್ತು. ಬೈದವನು ಬಚಾವು, ಬೈದ ಎಂದವನಿಗೆ ಕೋರ್ಟು. ಕೆಟ್ಟ ಉದ್ದೇಶವಿಲ್ಲದ, ಬಹುಮಟ್ಟಿಗೆ ನಿಜವಾದ ವರದಿಗೆ ರಕ್ಷಣೆ ಬೇಕೆಂದು ಫಿರೋಜ್ ಮಸೂದೆ ತಂದರು, 1956ರಲ್ಲಿ ಅದು ಕಾನೂನಾಯಿತು. 1960ರಲ್ಲಿ ಅವರು ತೀರಿಕೊಂಡರು. ತುರ್ತು ಪರಿಸ್ಥಿತಿ ಬಂತು. ಆ ಕಾನೂನನ್ನು ಕಿತ್ತು ಹಾಕಿದ್ದು ಯಾರ ಸರ್ಕಾರವೆಂದು ಬೇರೆ ಹೇಳಬೇಕೆ? ಅವರ ಹೆಂಡತಿಯದೇ. 1977ರಲ್ಲಿ ಜನತಾ ಸರ್ಕಾರ ಬಂದು ಅದನ್ನು ಮತ್ತೆ ಜಾರಿಗೆ ತಂದಿತು. ಗಂಡ ಕಟ್ಟಿದ್ದನ್ನು ಹೆಂಡತಿ ಕೆಡವಿ, ಬೀಗರು ಬಂದು ರಿಪೇರಿ ಮಾಡಿದ ಮನೆ ಇದೊಂದೇ ಇರಬೇಕು. ನನ್ನಾಕೆ ಸಹಸ್ರನಾಮಕ್ಕೆ ಹೋಗಿರುವುದರಿಂದ ಧೈರ್ಯವಾಗಿ ಬರೆಯುತ್ತಿದ್ದೇನೆ.

ಕಾನೂನಾದವುಗಳ ಮಾತು ಸಾಕು, ಆಗದವುಗಳ ಮಜವೇ ಬೇರೆ. ನಮ್ಮ ಮನೆಯಲ್ಲಿ ದೊಡ್ಡ ಗಲಾಟೆ ಎಬ್ಬಿಸಿದ್ದು ಮದುವೆ ಮಸೂದೆ. ಬಿಹಾರದ ಸುಪೌಲ್‌ನ ಸಂಸದೆ ರಂಜೀತ್ ರಂಜನ್ ಅವರದ್ದು 2016ರ ಮಸೂದೆ: ಐದು ಲಕ್ಷಕ್ಕಿಂತ ಹೆಚ್ಚು ಸುರಿದು ಮದುವೆ ಮಾಡುವವರು ಅದರ ಶೇಕಡ 10ನ್ನು ಬಡ ಹೆಣ್ಣುಮಕ್ಕಳ ಮದುವೆಗೆ ಕೊಡಬೇಕು. ಆಮೇಲೆ ಪಂಜಾಬಿನ ಖಡೂರ್ ಸಾಹಿಬ್‌ನ ಜಸ್‌ಬೀರ್ ಸಿಂಗ್ ಗಿಲ್ 2020ರಲ್ಲಿ ಇನ್ನೂ ಬಿಗಿಯಾದದ್ದೊಂದನ್ನು ತಂದರು. ಎರಡೂ ಕಡೆಯವರು ಸೇರಿ 100 ಜನ. ಊಟಕ್ಕೆ 10 ಬಗೆ. ಉಡುಗೊರೆ 2,500 ರೂಪಾಯಿ ಮೀರಬಾರದು.

ಪಂಜಾಬಿನಲ್ಲಿ ಹತ್ತು ಬಗೆ ಎಂದರೆ ಏನೋ ನನಗೆ ಗೊತ್ತಿಲ್ಲ. ನಮ್ಮ ಬಾಳೆಲೆಯ ಮೇಲೆ ಎಣಿಸೋಣ ಎಂದು ಅಮ್ಮನೂ ನಾನೂ ಕೂತೆವು. ತುದಿಗೆ ಉಪ್ಪು, ಒಂದು. ಉಪ್ಪಿನಕಾಯಿ, ಎರಡು. ಹೆಸರುಬೇಳೆ ಕೋಸಂಬರಿ, ಕಡಲೆಬೇಳೆ ಕೋಸಂಬರಿ, ನಾಲ್ಕು. ಹುರುಳಿಕಾಯಿ ಪಲ್ಯ, ಆಲೂಗಡ್ಡೆ ಪಲ್ಯ, ಆರು. ಗೊಜ್ಜು, ಏಳು. ಆಂಬೊಡೆ, ಎಂಟು. ಹಪ್ಪಳ, ಒಂಬತ್ತು. ಎಲೆಯ ಕೊನೆಗೆ ಶಾಸ್ತ್ರಕ್ಕೆ ಒಂದು ಚಮಚ ಪಾಯಸ, ಹತ್ತು. ಕೋಟಾ ಮುಗಿಯಿತು. ಅನ್ನ ಇನ್ನೂ ಬಂದೇ ಇಲ್ಲ! ಅನ್ನದ ಬುಟ್ಟಿ ಹಿಡಿದು ಪಂಕ್ತಿಗೆ ಇಳಿದವನು ಕಾನೂನು ಮುರಿದವನಾಗುತ್ತಾನೆ. ಅವನ ಹಿಂದೆ ತೊವ್ವೆ, ಅದರ ಹಿಂದೆ ತುಪ್ಪದ ಮಿಳ್ಳೆ, ಸಾರು, ಮಜ್ಜಿಗೆಹುಳಿ, ಚಿರೋಟಿ, ಅದಕ್ಕೆ ಬಾದಾಮಿ ಹಾಲು, ಇಡೀ ಪರಿವಾರವೇ ಅಪರಾಧಿಗಳ ಸಾಲು. "ಉಪ್ಪನ್ನ ಲೆಕ್ಕಕ್ಕೆ ತಗೋಬಾರದು ಅಂತ ಒಂದು ತಿದ್ದುಪಡಿ ಹಾಕಿಸು" ಎಂದಳು ಅಮ್ಮ. ಅವಳು ಒಂದೇ ನಿಮಿಷದಲ್ಲಿ ಆಯ್ಕೆ ಸಮಿತಿಯ ಕೆಲಸ ಮುಗಿಸಿದ್ದಳು.

ನೂರು ಜನ ಎಂಬುದೂ ಅಷ್ಟೇ. ನಮ್ಮ ಕರೆಯೋಲೆಯಲ್ಲಿ ಸಕುಟುಂಬ ಸಪರಿವಾರ ಸಮೇತ ಎಂದು ಅಚ್ಚಾಗಿರುತ್ತದೆ; ಒಂದು ಕಾರ್ಡಿಗೆ ಏಳು ಜನ ನಮ್ಮ ಕಡೆ ಕನಿಷ್ಠ ದರ. ಹದಿನೈದನೇ ಕಾರ್ಡು ಹಂಚುವುದೇ ಅಪರಾಧವಾದರೆ ಸೋದರತ್ತೆಯರನ್ನು ಯಾವ ಮುಖದಲ್ಲಿ ನೋಡುವುದು? ಇನ್ನು ಮುಯ್ಯಿ. "ಆಶೀರ್ವಾದವೇ ಉಡುಗೊರೆ" ಎಂದು ಅಚ್ಚು ಹಾಕಿಸಿ, ಮಂಟಪದ ಪಕ್ಕದಲ್ಲೇ ಒಬ್ಬರನ್ನು ನೋಟ್‌ಬುಕ್ಕು ಪೆನ್ನು ಕೊಟ್ಟು ಕೂರಿಸುವ ಜನ ನಾವು. ಗಿಲ್ ಅವರ ಮಸೂದೆಯಿಂದ ಆ ನೋಟ್‌ಬುಕ್ಕು ಸಾಕ್ಷಿಯಾಗಿ ಕೋರ್ಟಿಗೆ ಹೋಗುತ್ತಿತ್ತು. ಆ ಮಸೂದೆ 2023ರ ಆಗಸ್ಟಿನ ಒಂದು ಶುಕ್ರವಾರ ಚರ್ಚೆಗೆ ಬಂತು ಎಂದು ಓದಿದಾಗ ನಾನು ನಗಲಿಲ್ಲ. ಮಗಳ ಮದುವೆಗೆ ಜಮೀನು ಮಾರುವವರನ್ನು ನೆನೆದು ಬರೆದ ಮಸೂದೆ ಅದು. ಪಂಜಾಬಿನಲ್ಲಿ ಕಂಡದ್ದು ಮಂಡ್ಯದಲ್ಲಿ ಇಲ್ಲವೇ?

ಅದಕ್ಕೇ ನನಗೆ ಈ ಎರಡೂವರೆ ಗಂಟೆಯ ಮೇಲೆ ಮಮಕಾರ. ಸೋಮವಾರದಿಂದ ಶುಕ್ರವಾರ ಮಧ್ಯಾಹ್ನದವರೆಗೆ ಸಂಸದ ಪಕ್ಷದ ಬಾಯಿಯಾಗಿರುತ್ತಾನೆ. ಯಾವುದಕ್ಕೆ ಕೈ ಎತ್ತಬೇಕು, ಯಾವುದಕ್ಕೆ ಕೂಗಬೇಕು, ಯಾವಾಗ ಎದ್ದು ಹೊರಗೆ ನಡೆಯಬೇಕು, ಎಲ್ಲಕ್ಕೂ ಮೇಲಿನಿಂದ ಅಪ್ಪಣೆ. ಅದಕ್ಕೆ ಇಟ್ಟಿರುವ ಇಂಗ್ಲಿಷ್ ಹೆಸರೇ ವಿಪ್, ಚಾಟಿ. ಶುಕ್ರವಾರ ಮೂರೂವರೆಗೆ ಸಾಮಾನ್ಯವಾಗಿ ಚಾಟಿ ಗೋಡೆಗೆ ನೇತುಬೀಳುತ್ತದೆ. ಆಗ ಆ ಮನುಷ್ಯ ತನಗೆ ನಿಜವಾಗಿ ಎಲ್ಲಿ ಕೆರೆಯುತ್ತಿದೆ ಎಂದು ತೋರಿಸುತ್ತಾನೆ. ಮಸೂದೆಯ ಕೊನೆಗೆ ಉದ್ದೇಶ ಮತ್ತು ಕಾರಣಗಳ ಹೇಳಿಕೆ ಎಂದು ಒಂದು ಪುಟ ಇರುತ್ತದಲ್ಲ, ಅದನ್ನು ಓದಬೇಕು. ಊರಿಂದ ಬಂದ ಕಾಗದದ ಹಾಗಿರುತ್ತದೆ. ಅದರ ಜೊತೆಯ ಆರ್ಥಿಕ ಜ್ಞಾಪನ ಪತ್ರವನ್ನೂ ಓದಬೇಕು. ಇಡೀ ದೇಶಕ್ಕೆ ಜಾರಿ ಮಾಡಲು ತಗಲುವ ಖರ್ಚನ್ನು, ತರಕಾರಿಯವನ ಬಳಿ ಚೌಕಾಸಿ ಮಾಡಿದವರಂತೆ, ಒಂದು ದುಂಡು ಕೋಟಿಯಲ್ಲಿ ಬಗೆಹರಿಸಿರುತ್ತಾರೆ.

ಆ ಚಾಟಿಯ ಮೇಲೇ ಒಬ್ಬರು ಮಸೂದೆ ತಂದಿದ್ದಾರೆ. ಸರ್ಕಾರದ ಅಳಿವು ಉಳಿವಿನ ಪ್ರಶ್ನೆ ಬಂದಾಗ ಬೇಕಾದರೆ ಚಾಟಿ ಬೀಸಿ, ಉಳಿದಂತೆ ನಮ್ಮ ಬುದ್ಧಿಗೆ ತೋಚಿದಂತೆ ಮತ ಹಾಕಲು ಬಿಡಿ ಎನ್ನುವುದು ಮನೀಶ್ ತಿವಾರಿಯವರ ಕೋರಿಕೆ. 2010ರಲ್ಲಿ ಕೇಳಿದರು, 2021ರಲ್ಲಿ ಕೇಳಿದರು, 2025ರ ಡಿಸೆಂಬರಿನಲ್ಲಿ ಮೂರನೇ ಸಲ ಕೇಳಿದರು. ತನಗೆ ಕಟ್ಟಿದ ಹಗ್ಗ ಸಡಿಲಿಸಲು ಹಗ್ಗ ಹಿಡಿದವರನ್ನೇ ಕೇಳಬೇಕಲ್ಲ, ಪಾಪ.

ಅದೇ ಡಿಸೆಂಬರಿನಲ್ಲಿ ಸುಪ್ರಿಯಾ ಸುಳೆ ಅವರೂ ತಮ್ಮ ಹಳೆಯ ಮಸೂದೆಯ ಧೂಳು ಕೊಡವಿ ಮತ್ತೆ ಮಂಡಿಸಿದರು. ಕೆಲಸದ ಹೊತ್ತು ಮುಗಿದ ಮೇಲೆ ಆಫೀಸಿನ ಫೋನು, ಮೇಲು ನೋಡದೇ ಇರುವ ಹಕ್ಕು. 2018ರಲ್ಲಿ ಮೊದಲ ಸಲ ತಂದಾಗ, ಮಾತು ಕೇಳದ ಕಂಪನಿಗೆ ತನ್ನ ನೌಕರರ ಒಟ್ಟು ಸಂಬಳದ ಶೇಕಡ 1 ದಂಡ ಎಂದು ಬರೆದಿದ್ದರು. ನಮ್ಮ ಮಗಳು ಬೆಂಗಳೂರಿನಲ್ಲಿ ಸಾಫ್ಟ್‌ವೇರು. ಅಮೆರಿಕ ಏಳುವ ಹೊತ್ತಿಗೆ ಇವಳು ಮಲಗುವ ಹಾಗಿಲ್ಲ. ಹಬ್ಬಕ್ಕೆ ಬಂದರೂ ಒಂದು ಕೈಯಲ್ಲಿ ಹೋಳಿಗೆ, ಇನ್ನೊಂದು ಕೈಯಲ್ಲಿ ಲ್ಯಾಪ್‌ಟಾಪು. ಈ ಸುದ್ದಿ ಓದಿ ಖುಷಿಯಾಗಿ ಅವಳಿಗೆ ವಾಟ್ಸಾಪಿನಲ್ಲಿ ಕಳಿಸಿದೆ. ನಿನಗೂ ಒಂದು ಕಾನೂನು ಬರುತ್ತಿದೆ ಮಗಳೇ ಎಂದು ಕೈಮುಗಿಯುವ ಗೊಂಬೆಯನ್ನೂ ಹಾಕಿದೆ. ರಾತ್ರಿ ಹನ್ನೊಂದು ನಲವತ್ತಕ್ಕೆ ಉತ್ತರ ಬಂತು: "ಅಪ್ಪ, ಕಾಲ್‌ನಲ್ಲಿದ್ದೀನಿ."

ಕಡ್ಡಾಯ ಮತದಾನದ್ದು ಇನ್ನೊಂದು ಕಥೆ. ಬಿಹಾರದ ಜನಾರ್ದನ ಸಿಂಗ್ ಸಿಗ್ರಿವಾಲ್ 2019ರಲ್ಲಿ ತಂದದ್ದು. ಜನ ಬಂದು ಮತ ಹಾಕುತ್ತಿಲ್ಲ, ಹಾಕಿಸಲೇಬೇಕು ಎಂಬ ವಿಷಯವನ್ನು, ಜನ ಬಂದು ಕೂರಲು ಗಂಟೆ ಬಾರಿಸಬೇಕಾದ ಹೊತ್ತಿನಲ್ಲಿ ಚರ್ಚಿಸುವುದು ಎಂಥ ಸೊಗಸು! ಆ ಚರ್ಚೆ ಅಧಿವೇಶನದಿಂದ ಅಧಿವೇಶನಕ್ಕೆ ಹರಿಕಥೆಯ ಹಾಗೆ ಬೆಳೆದು, 2022ರ ಆಗಸ್ಟಿನಲ್ಲಿ ಸರ್ಕಾರ ಇದು ಆಗದ ಮಾತು ಎಂದಾಗ ಹಿಂದಕ್ಕೆ ಹೋಯಿತು.

ಮಂಡನೆಗೆ ಅಡ್ಡ ಬರಬಾರದು ಎಂಬುದೊಂದು ಮರ್ಯಾದೆ ಇದೆ. ಹೆಣ್ಣು ನೋಡಲು ಬಂದವರಿಗೆ ಉಪ್ಪಿಟ್ಟು, ಕಾಫಿ ಕೊಟ್ಟು, ಆಮೇಲೆ ಜಾತಕ ಕೂಡಲಿಲ್ಲ ಎನ್ನುವುದು ಸಂಪ್ರದಾಯ; ಬಾಗಿಲಲ್ಲೇ ವಾಪಸ್ ಕಳಿಸಬಾರದು. 2015ರ ಡಿಸೆಂಬರ್ 18ರಂದು ಶಶಿ ತರೂರರಿಗೆ ಬಾಗಿಲಲ್ಲೇ ಹಾಗಾಯಿತು. ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಸೆಕ್ಷನ್ನಿಗೆ ತಿದ್ದುಪಡಿ ತರಲು ಎದ್ದರೆ, ಮಂಡನೆಯೇ ಬೇಡವೆಂದು 71 ಮತ, ಇರಲಿ ಎಂದು 24. ಮೂರು ತಿಂಗಳು ಬಿಟ್ಟು ಮತ್ತೆ ಹೋದರು, ಮತ್ತೆ ಅದೇ ಬಾಗಿಲು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ಆ ಕೆಲಸವನ್ನು ತಾನೇ ಮಾಡಿ ಮುಗಿಸಿತು. ಉಪ್ಪಿಟ್ಟು ಕೊಡದವರಿಗೆ ಮದುವೆಯೂಟ ತಪ್ಪಿತು ಅಷ್ಟೆ.

ತಿರುಚ್ಚಿ ಶಿವಾ ಅವರ ಕಥೆ ಕೇಳಿದಾಗ ಮಾತ್ರ ನನಗೆ ನಮ್ಮ ಅಡುಗೆಮನೆಯ ಕಿಟಕಿ ನೆನಪಾಗುತ್ತದೆ. ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ಅವರ ಮಸೂದೆಯನ್ನು 2015ರ ಏಪ್ರಿಲ್ 24ರ ಶುಕ್ರವಾರ ರಾಜ್ಯಸಭೆ ಒಮ್ಮತದಿಂದ ಒಪ್ಪಿತು. ದಶಕಗಳ ನಂತರ ಒಂದು ಸದನ ಖಾಸಗಿ ಮಸೂದೆಗೆ ಸೈ ಎಂದದ್ದು. ಅದು ಲೋಕಸಭೆ ದಾಟಲಿಲ್ಲ. ಸರ್ಕಾರ ತನ್ನದೇ ಒಂದನ್ನು ತಂದು 2019ರಲ್ಲಿ ಕಾನೂನು ಮಾಡಿತು. ಆ ಹೊತ್ತಿಗೆ, ಇದನ್ನು ಆಯ್ಕೆ ಸಮಿತಿಗೆ ಕಳಿಸಿ ಎಂದು ಕೇಳಿದವರು ಸ್ವತಃ ಶಿವಾ. ಸದನ ಒಪ್ಪಲಿಲ್ಲ.

ಕಿಟಕಿಗೆ ಸೊಳ್ಳೆ ಜಾಲರಿ ಹಾಕಿಸೋಣ ಎಂಬ ಮಸೂದೆಯನ್ನು ನಾನು ಮೂರು ಮಳೆಗಾಲ ಸತತವಾಗಿ ಮಂಡಿಸಿದ್ದೆ. ಉದ್ದೇಶ ಮತ್ತು ಕಾರಣಗಳನ್ನು ಹೇಳಿದ್ದೆ, ಖರ್ಚಿನ ಅಂದಾಜನ್ನೂ ಕೊಟ್ಟಿದ್ದೆ. "ನೋಡೋಣ ರೀ" ಎಂದಿದ್ದಳು ನನ್ನಾಕೆ. ಸರ್ಕಾರ ಪರಿಶೀಲಿಸುತ್ತಿದೆ ಎಂಬುದಕ್ಕೆ ಅಚ್ಚಕನ್ನಡ ಇದೇ. ನಾನು ಹಿಂದಕ್ಕೆ ಪಡೆದೆ. ನಾಲ್ಕನೇ ವರ್ಷ ದೀಪಾವಳಿಗೆ ಮುಂಚೆ ಮನೆಗೆ ಬಂದರೆ ಬಡಗಿ ನಿಂತಿದ್ದಾನೆ, ಜಾಲರಿ ಹೊಡೆಯುತ್ತಿದ್ದಾನೆ. ಹಬ್ಬಕ್ಕೆ ಬಂದವರಿಗೆಲ್ಲ ನನ್ನಾಕೆ, "ಎಷ್ಟು ದಿನ ಹೀಗೇ ಬಿಡೋದು ಅಂತ ನಾನೇ ಹಾಕಿಸಿದೆ" ಎಂದು ತೋರಿಸಿದಳು. ಜಾಲರಿ ಚೆನ್ನಾಗಿಯೇ ಇದೆ. ಒಂದೇ ತೊಂದರೆ, ಅದನ್ನು ಹೊಡೆದ ರೀತಿಗೆ ಈಗ ಕಿಟಕಿಯ ಬಾಗಿಲು ಹಾಕಲು ಬರುವುದಿಲ್ಲ. ನನ್ನ ಮೂಲ ಮಸೂದೆಯಲ್ಲಿ ಅದಕ್ಕೆ ಅವಕಾಶವಿತ್ತು.

ಸರ್ಕಾರಿ ಬಸ್ಸು ನುಗ್ಗುತ್ತದೆ ಎಂದೆನಲ್ಲ, ಅದೂ ಪೂರ್ತಿ ನಿಜವಲ್ಲ. ನಮ್ಮ ದೇವೇಗೌಡರು ಪ್ರಧಾನಿಯಾಗಿದ್ದಾಗ 1996ರ ಸೆಪ್ಟೆಂಬರ್ 12ರಂದು ಅವರ ಸರ್ಕಾರ ಮಹಿಳಾ ಮೀಸಲಾತಿ ಮಸೂದೆ ಮಂಡಿಸಿತು. ಹೊಳೆನರಸೀಪುರದ ಗೌಡರ ಹೊಲದಲ್ಲಿ ಬಿತ್ತಿದ್ದು ಮೊಳೆಯಲು ಇಷ್ಟು ಕಾಲ ತೆಗೆದುಕೊಂಡದ್ದಿಲ್ಲ. 1998ರಲ್ಲಿ ಮಸೂದೆಯ ಪ್ರತಿಯನ್ನು ಸದನದಲ್ಲೇ ಕಿತ್ತುಕೊಂಡು ಹರಿದರು. 2008ರಲ್ಲಿ ರಾಜ್ಯಸಭೆಯಲ್ಲಿ ಮಂಡಿಸುವಾಗ ಕಾನೂನು ಮಂತ್ರಿ ಎಚ್.ಆರ್. ಭಾರದ್ವಾಜರ ಸುತ್ತ ಹೆಂಗಸರೇ ಕಾವಲು ನಿಂತರು. ಅದೇ ಭಾರದ್ವಾಜರು ಮರುವರ್ಷ ನಮಗೆ ರಾಜ್ಯಪಾಲರಾಗಿ ಬಂದರು. ಕೊನೆಗೆ 2023ರ ಸೆಪ್ಟೆಂಬರಿನಲ್ಲಿ ಹೊಸ ಸಂಸತ್ ಭವನದ ಮೊದಲ ಮಸೂದೆಯಾಗಿ ಬಂದು ಎರಡೂ ಸದನ ದಾಟಿತು. ಗೌಡರು ಆಗ ರಾಜ್ಯಸಭೆಯ ಸದಸ್ಯರಾಗಿದ್ದರು. 27 ವರ್ಷ. ಅದೂ ಜನಗಣತಿಯಾಗಿ, ಕ್ಷೇತ್ರ ಮರುವಿಂಗಡಣೆಯಾದ ಮೇಲೆ ಜಾರಿ ಎಂಬ ಅಡಿಟಿಪ್ಪಣಿಯೊಂದಿಗೆ. ಸರ್ಕಾರದ ಬಿಲ್ಲಿಗೇ ಹೀಗಾದರೆ ಖಾಸಗಿಯವರು ಹೆದೆ ಏರಿಸಿದ್ದೇ ಸಾಹಸ.

ಕಳೆದ ಸಲ ಇದನ್ನೆಲ್ಲ ಭಾಮೈದನಿಗೆ ಹೇಳುತ್ತಿದ್ದಾಗ ಅವನು ತಾಳ್ಮೆ ಕಳೆದುಕೊಂಡ. "ಆಗಲ್ಲ ಅಂತ ಅವರಿಗೂ ಗೊತ್ತು, ಸರ್ಕಾರಕ್ಕೂ ಗೊತ್ತು, ನಿಮಗೂ ಗೊತ್ತು. ಮತ್ಯಾಕೆ ಭಾವ ಈ ಬಾಣ ಇಲ್ಲದ ಬಿಲ್ಲು?" ನನಗೆ ಉತ್ತರ ಹೊಳೆಯಲಿಲ್ಲ. ಅಮ್ಮ ಬತ್ತಿಗೆ ಹಾಲು ಹಚ್ಚುತ್ತಾ, "ನಂದೂ ಒಂದು ಬರ್ಕೋ" ಎಂದಳು.

"ಏನಮ್ಮ ನಿಂದು?"

"ಪೆನ್ಷನ್ನಿಗೆ ಬದುಕಿದ್ದೀನಿ ಅಂತ ತೋರಿಸೋಕೆ ನವೆಂಬರಲ್ಲಿ ಬ್ಯಾಂಕಿಗೆ ಹೋಗ್ತೀವಲ್ಲ. ಆ ಮಿಶನ್ನು ನನ್ನ ಬೆರಳು ಹತ್ತಲ್ಲ ಅನ್ನತ್ತೆ. ಎಂಬತ್ನಾಕು ವರ್ಷ ಪಾತ್ರೆ ತೊಳೆದ ಬೆರಳಲ್ಲಿ ಗೆರೆ ಎಲ್ಲಿಂದ ಬರಬೇಕು? ಆ ಹುಡುಗಿ ಹತ್ತು ಸಲ ಒತ್ತಿಸ್ತಾಳೆ. ಅಲ್ಲೀವರೆಗೂ ನಿಂತಿರಬೇಕು. ಬೆರಳು ಹತ್ತದೇ ಇದ್ರೆ ಪರವಾಗಿಲ್ಲ, ಒಂದು ಕುರ್ಚಿ ಹಾಕಬೇಕು ಅಂತ ಬರಿ."

ಬ್ಯಾಂಕಿನ ಮಾತು ಬಂದದ್ದೇ ಭಾಮೈದ ಸುಮ್ಮನಾಗಿ ಕಿಟಕಿಯ ಜಾಲರಿ ನೋಡತೊಡಗಿದ. ನಾನು ಪಂಚಾಂಗದ ಹಿಂದಿನ ಖಾಲಿ ಹಾಳೆಯಲ್ಲಿ ಬರೆದುಕೊಂಡೆ. ಹಿರಿಯ ಪಿಂಚಣಿದಾರರ ಕುರ್ಚಿ ಮಸೂದೆ. ಒಂದೇ ಕಲಮು.

"ಇದಕ್ಕೆ ಒಂದು ತಿಂಗಳ ನೋಟಿಸ್ ಬೇಕಮ್ಮ."

"ತಿಂಗಳಿಗೆ ಎಷ್ಟು ಶುಕ್ರವಾರ ಬರತ್ತೆ?"

"ನಾಲ್ಕು. ಅದರಲ್ಲಿ ಎರಡು ನಿರ್ಣಯದ್ದು."

ಅಮ್ಮ ಹೊಸೆದ ಬತ್ತಿಗಳನ್ನು ಎರಡೆರಡಾಗಿ ಜೋಡಿಸಿ ಡಬ್ಬಿಗೆ ಹಾಕಿದಳು. "ಹಾಗಾದ್ರೆ ಎರಡಾಯ್ತಲ್ಲ. ಸಾಕು, ಹಾಕು."

ಗೇಟು ಸದ್ದಾಯಿತು. ಸಹಸ್ರನಾಮ ಮುಗಿದಿತ್ತು. ನಾನು ರಿಮೋಟನ್ನು ಫ್ರಿಜ್ಜಿನ ಮೇಲಿಟ್ಟು ಬಂದೆ.